ಪೂರ್ಣಾವಧಿ ಸೇವೆಗೆ ತರಬೇತಿ: ಮೊದಲು ದೇವಶಾಸ್ತ್ರ ಕಾಲೇಜೋ, ದೀನರ ನಡುವಿನ ಕೆಲಸವೋ?

ಪ್ರಶ್ನೆ: ಬೆಟಗೇರಿಯವನು

ಎಲ್ಲರಿಗೂ ವಂದನೆಗಳು. ನಾನು ಗದಗ-ಬೆಟಗೇರಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವನು, ವಯಸ್ಸು 26. ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಿಂದ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುತ್ತಿದ್ದೇನೆ. ಪೂರ್ಣಾವಧಿ ಸೇವೆಗೆ ನನ್ನನ್ನು ಒಪ್ಪಿಸಿಕೊಡಬೇಕೆಂಬ ಕರೆ ಹೈಸ್ಕೂಲಿನ ದಿನಗಳಿಂದಲೂ ಮನಸ್ಸಿನಲ್ಲಿದೆ. ಆದರೆ ಪ್ರಸಂಗಪೀಠದಲ್ಲಿ ನಿಂತು ಬೋಧಿಸುವುದಕ್ಕಿಂತ ಹೆಚ್ಚಾಗಿ, ಕುಡಿತದಿಂದ ಹಾಳಾದ ಮನೆಗಳು, ತಂದೆತಾಯಿ ಗೋವಾಕ್ಕೆ ಗುಳೆ ಹೋದಾಗ ಶಾಲೆ ಬಿಡುವ ಮಕ್ಕಳು, ನೋಡುವವರಿಲ್ಲದ ಮುದುಕರು, ಇವರ ನಡುವೆ ಕೆಲಸ ಮಾಡಬೇಕೆಂಬ ಆಸೆ ನನ್ನದು. ಇದಕ್ಕೆ ದೇವಶಾಸ್ತ್ರದ ಪದವಿಯಾದ ಬಿ.ಡಿ. ಓದಬೇಕೇ, ಸಮಾಜಕಾರ್ಯದ ಪದವಿ ಪಡೆಯಬೇಕೇ ಅಥವಾ ಆರು ತಿಂಗಳ ಬೈಬಲ್ ಶಾಲೆ ಸಾಕೇ? ಕನ್ನಡದಲ್ಲಿ ದೇವಶಾಸ್ತ್ರ ಓದಿದವರಿಗೆ ಬೆಲೆಯಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ, ಅದು ನಿಜವೇ? ತಂದೆ ಇಲ್ಲ. ತಾಯಿ ನನ್ನ ಸಂಬಳವನ್ನೇ ನೆಚ್ಚಿಕೊಂಡಿದ್ದಾರೆ ಎಂಬುದನ್ನೂ ತಿಳಿಸಿಬಿಡುತ್ತೇನೆ.

ಉತ್ತರ 1: ನಿವೃತ್ತ ಸಭಾಪಾಲಕ, ಮಂಗಳೂರು

ಸಹೋದರರೇ, ಕಾಲೇಜಿನ ಅರ್ಜಿಗಿಂತ ಮೊದಲು ನಿಮ್ಮ ಸಭೆಯ ಕಮಿಟಿಯ ಮುಂದೆ ಹೋಗಿ ನಿಲ್ಲಿರಿ. ಸಭೆಯ ಶಿಫಾರಸು ಪಡೆದು, ಧಾರವಾಡದಲ್ಲಿ ನಿಮ್ಮ ಡಯಾಸಿಸ್‌ನ (ಬಿಷಪ್ಪರ ಆಡಳಿತದ ಪ್ರಾಂತದ) ಸಂದರ್ಶನ ಎದುರಿಸಿ, ಅದರ ಅಭ್ಯರ್ಥಿಯಾಗಿ ಓದಲು ಹೋದವನಿಗೂ ಸ್ವಂತ ಖರ್ಚಿನಲ್ಲಿ ಸೇರಿಕೊಂಡವನಿಗೂ ಓದು ಮುಗಿದ ದಿನ ಬಹಳ ವ್ಯತ್ಯಾಸ ಕಾಣುತ್ತದೆ. ಸ್ವಂತವಾಗಿ ಹೋದವನನ್ನು ಸಭಾಪಾಲಕನ ದೀಕ್ಷೆಗೆ ತೆಗೆದುಕೊಳ್ಳಬೇಕೆಂಬ ಹೊಣೆ ಯಾವ ಡಯಾಸಿಸ್‌ಗೂ ಇರುವುದಿಲ್ಲ. ಪದವಿ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಅಲೆದವರನ್ನು ನಾನು ಬಲ್ಲೆ. ಕರೆ ಒಬ್ಬನ ಎದೆಯಲ್ಲಿ ಹುಟ್ಟಬಹುದು, ಆದರೆ ಅದು ಹೌದೆಂದು ಹೇಳಬೇಕಾದವರು ನಿಮ್ಮನ್ನು ಚಿಕ್ಕಂದಿನಿಂದ ನೋಡಿದ ಜನ.

ಕನ್ನಡದ ವಿಷಯಕ್ಕೆ ಬರುತ್ತೇನೆ. ನಾನು ಓದಿದ್ದು ಇಲ್ಲಿಯ ಬಲ್ಮಠದಲ್ಲಿ, ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ. ಆ ಹೆಸರಿನ ಕಾಲೇಜು ಆರಂಭವಾದದ್ದು 1965ರಲ್ಲಾದರೂ ಅದರ ಬೇರು 1847ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ತೆರೆದ ಸೆಮಿನರಿಯಲ್ಲಿದೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಿಂದ ಇಂಗ್ಲಿಷಿನಲ್ಲಿ ಕಲಿಸುತ್ತಿದೆ, ಅದೂ ಉತ್ತಮ ಸಂಸ್ಥೆಯೇ. ಎರಡೂ ದೇವಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪೋರ್ ಸೆನೆಟ್‌ಗೆ ಸೇರಿದವು. ಪದವೀಧರರಿಗೆ ಬಿ.ಡಿ. ನಾಲ್ಕು ವರ್ಷಗಳ ಓದು. ಹೀಗಿರುವಾಗ ಕನ್ನಡದಲ್ಲಿ ಓದಿದರೆ ಬೆಲೆಯಿಲ್ಲ ಎಂಬ ಮಾತು ಎಲ್ಲಿಂದ ಬಂತೋ ತಿಳಿಯದು. ಗ್ರೀಕ್ ಕಲಿಯುವಾಗ ಇಂಗ್ಲಿಷ್ ಮಾಧ್ಯಮದ ಗೆಳೆಯರು ನಾಮಪದದ ರೂಪಗಳ ಮುಂದೆ ತಲೆ ಕೆಡಿಸಿಕೊಂಡರೆ, ಶಾಲೆಯಲ್ಲಿ ಪ್ರಥಮಾ ದ್ವಿತೀಯಾ ಎಂದು ವಿಭಕ್ತಿಗಳನ್ನು ಒಪ್ಪಿಸಿದ್ದ ನಮಗೆ ಅದು ಪರಿಚಿತ ದಾರಿಯಂತೆಯೇ ಇತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಗನನ್ನು ಕಳೆದುಕೊಂಡ ತಾಯಿಯ ಮನೆಯ ಜಗಲಿಯಲ್ಲಿ ಕುಳಿತಾಗ, ಇಂಗ್ಲಿಷಿನಲ್ಲಿ ಕಲಿತದ್ದನ್ನು ಮನಸ್ಸಿನೊಳಗೇ ಕನ್ನಡಕ್ಕೆ ತಂದು ಹೇಳಹೊರಟವನ ಮಾತು ಎಷ್ಟೋ ಸಲ ಒಣಗಿರುತ್ತದೆ.

ಆರು ತಿಂಗಳ ಶಾಲೆಯನ್ನು ಹಗುರವಾಗಿ ಕಾಣುವುದಿಲ್ಲ, ಸಭೆಯಲ್ಲಿ ಸ್ವಯಂಸೇವಕನಾಗಿರುವವನಿಗೆ ಅದು ಒಳ್ಳೆಯದು. ಜೀವನವಿಡೀ ಇದೇ ಎಂದು ನಿರ್ಧರಿಸಿದವನಿಗೆ ಅದು ಸಾಲದು.

ಉತ್ತರ 2: ಸಮಾಜಕಾರ್ಯಕರ್ತೆ, ಇಪ್ಪತ್ತು ವರ್ಷ ಆಸ್ಪತ್ರೆಗಳಲ್ಲಿ

ಅಯ್ಯನವರ ಮಾತನ್ನು ಒಪ್ಪುತ್ತಲೇ ಒಂದು ಕೊರತೆಯನ್ನು ಹೇಳಬೇಕಾಗಿದೆ. ಅವರು ಸಭಾಪಾಲನೆಯ ತರಬೇತಿಯ ಬಗ್ಗೆ ಬರೆದಿದ್ದಾರೆ. ದೀನರ ಸೇವೆಗೂ ಪ್ರತ್ಯೇಕ ತರಬೇತಿ ಬೇಕೆಂಬುದನ್ನು ನಮ್ಮ ಸಭೆಗಳು ಇನ್ನೂ ಪೂರ್ತಿಯಾಗಿ ನಂಬಿಲ್ಲ, ಪ್ರೀತಿ ಇದ್ದರೆ ಸಾಕೆಂಬ ಭಾವನೆ ಉಳಿದೇ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಳ್ಳಿಯೊಂದರಲ್ಲಿ ಹೊಸದಾಗಿ ಸೇವೆಗಿಳಿದಿದ್ದ ಉತ್ಸಾಹಿ ಹುಡುಗನೊಬ್ಬ ಮೂರ್ಛೆರೋಗವಿದ್ದ ಹೆಣ್ಣುಮಗಳಿಗಾಗಿ ಪ್ರಾರ್ಥಿಸಿ, ಇನ್ನು ಮಾತ್ರೆ ಬೇಡವೆಂದು ಹೇಳಿ ಹೋಗಿದ್ದ. ಹದಿನೈದು ದಿನಗಳೊಳಗೆ ಆಕೆ ಉರಿಯುವ ಒಲೆಯ ಮೇಲೆ ಬಿದ್ದು, ಸುಟ್ಟ ಕೈಯೊಂದಿಗೆ ನಮ್ಮ ವಾರ್ಡಿಗೆ ಬಂದಳು. ಆ ಹುಡುಗ ಕೆಟ್ಟವನಾಗಿರಲಿಲ್ಲ. ಆ ರೋಗದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಕ್ಷಯದ ಔಷಧಿಯ ವಿಷಯವೂ ಹಾಗೆಯೇ. ಕೆಮ್ಮು ನಿಂತಿತೆಂದು ಆರು ತಿಂಗಳ ಚಿಕಿತ್ಸೆಯನ್ನು ಎರಡನೆಯ ತಿಂಗಳಿಗೇ ಬಿಟ್ಟರೆ, ಔಷಧಿಗೆ ಬಗ್ಗದ ಕ್ಷಯವಾಗಿ ಅದು ಮರಳಿ ಬರಬಹುದು. ಕುಡಿತ ಬಿಡಿಸಲು ಹೊರಟವನಿಗೆ, ದಿನವೂ ವಿಪರೀತ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು, ಆತನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು ಎಂಬುದು ತಿಳಿದಿರಲೇಬೇಕು.

ಆದ್ದರಿಂದ ಬಿ.ಡಿ. ಓದುವುದಾದರೆ ಬೇಸಿಗೆ ರಜೆಗಳನ್ನು ವ್ಯರ್ಥ ಮಾಡಬೇಡಿರಿ. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆ, ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಂಥ ಕಡೆಗಳಲ್ಲಿ ರೋಗಿಗಳ ಆತ್ಮಿಕ ಆರೈಕೆಯ ತರಬೇತಿಯಿದೆ. ಅಲ್ಲಿ ನೀವು ಒಬ್ಬ ರೋಗಿಯೊಡನೆ ಆಡಿದ ಮಾತುಗಳನ್ನು ನೆನಪಿನಿಂದ ಶಬ್ದಶಃ ಬರೆದುತರಬೇಕು, ಉಳಿದವರು ಅದನ್ನು ಸಾಲುಸಾಲಾಗಿ ಪರೀಕ್ಷಿಸುತ್ತಾರೆ: ಇಲ್ಲಿ ಆಕೆ ಅಳತೊಡಗಿದಾಗ ನೀವೇಕೆ ತಟ್ಟನೆ ಪ್ರಾರ್ಥನೆಗೆ ಹೊರಳಿದಿರಿ, ಯಾರ ಭಯದಿಂದ? ಇಂಥ ಪ್ರಶ್ನೆಯ ಮುಂದೆ ಕುಳಿತ ಮೇಲೆ ಮನುಷ್ಯ ಕಡಿಮೆ ಮಾತನಾಡುವುದನ್ನು ಕಲಿಯುತ್ತಾನೆ. ಸಮಾಜಕಾರ್ಯವನ್ನೇ ಆರಿಸುವುದಾದರೆ, ಮಂಗಳೂರಿನ ರೋಶನಿ ನಿಲಯ ಎಂಬ ಕಾಲೇಜು 1960ರಿಂದ ಅದನ್ನು ಕಲಿಸುತ್ತಿದೆ. ನಿಮ್ಮ ಪಟ್ಟಿಯಲ್ಲಿ ಇರುವುದೆಲ್ಲ (ಗುಳೆ, ಕುಡಿತ, ಒಂಟಿ ವೃದ್ಧಾಪ್ಯ) ಅಲ್ಲಿಯ ಪಾಠದೊಳಗೇ ಬರುವ ವಿಷಯಗಳು.

ಸೇವೆಯನ್ನು ಆಮಿಷವನ್ನಾಗಿ ಮಾಡದಿರುವುದೂ ತರಬೇತಿಯಿಂದಲೇ ಬರುವ ಗುಣ. ಹಸಿದವನಿಗೆ ಅನ್ನವಿಕ್ಕುವಾಗ ಅವನು ಮುಂದಿನ ಭಾನುವಾರ ಎಲ್ಲಿರುತ್ತಾನೆಂದು ಎಣಿಸುತ್ತಿದ್ದರೆ ಆ ಅನ್ನ ಅವನಿಗಾಗಿ ಬಡಿಸಿದ್ದಲ್ಲ.

ಉತ್ತರ 3: ಲೆಕ್ಕಿಗ, ಹುಬ್ಬಳ್ಳಿ

ಇಬ್ಬರೂ ನಿಮ್ಮ ಬಿ.ಕಾಂ. ಅನ್ನು ಬಿಟ್ಟುಹೋಗಬೇಕಾದ ವಸ್ತುವಿನಂತೆ ಕಂಡಿದ್ದಾರೆ, ನನ್ನ ತಕರಾರು ಇಷ್ಟೇ. ನಾನು ಧರ್ಮಾರ್ಥ ಸಂಸ್ಥೆಗಳ ಲೆಕ್ಕ ನೋಡುವವನು. ಅನಾಥಾಲಯ, ವೃದ್ಧಾಶ್ರಮಗಳು ಮುಚ್ಚುವುದನ್ನು ಕಂಡಿದ್ದೇನೆ. ಹೆಚ್ಚಿನ ಸಲ ಕಾರಣ ಪ್ರೀತಿಯ ಅಭಾವವಲ್ಲ, ರಸೀದಿಗಳ ಅಭಾವ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ನಂತರ ಆ ದೇಣಿಗೆಯಲ್ಲಿ ಆಡಳಿತದ ಖರ್ಚು ಶೇಕಡಾ 20ನ್ನು ಮೀರುವಂತಿಲ್ಲ, ಹಿಂದೆ ಅದು 50 ಇತ್ತು. ಒಂದು ಸಂಸ್ಥೆಗೆ ಬಂದ ಆ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. ಇದನ್ನು ಅರಿಯದೆ ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡಿ ನೋಂದಣಿ ಕಳೆದುಕೊಳ್ಳುವ ಅಪಾಯವಿದೆ.

ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿರಿ. ದಿನದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ಗೊಣಗಾಟವೆದ್ದಾಗ ಏಳು ಮಂದಿಯನ್ನು ಆರಿಸಿದರು. ನನ್ನ ಕಣ್ಣಿಗೆ ಅದು ಪಟ್ಟಿ ಸರಿಯಿಲ್ಲದ ತೊಂದರೆ. ಆ ಏಳರಲ್ಲಿ ಒಬ್ಬನಾದ ಸ್ತೆಫನನು ಮುಂದೆ ಬೋಧಿಸಿದ್ದೂ ಉಂಟು, ಆದರೆ ಅವನನ್ನು ಮೊದಲು ನೇಮಿಸಿದ್ದು ಊಟ ಬಡಿಸುವ ಕೆಲಸಕ್ಕೆ.

ತಾಯಿಯ ವಿಷಯದಲ್ಲಿ ಅವಸರ ಬೇಡ. ಎರಡು ವರ್ಷ ಕೆಲಸದಲ್ಲೇ ಇದ್ದು, ಅವರ ಹೆಸರಿಗೆ ಒಂದಿಷ್ಟು ಕೂಡಿಟ್ಟು, ಅಷ್ಟರಲ್ಲಿ ಶನಿವಾರಗಳನ್ನು ಯಾವುದಾದರೂ ವೃದ್ಧಾಶ್ರಮಕ್ಕೆ ಕೊಡಿರಿ. ನಾಲ್ಕು ವರ್ಷ ಸಂಬಳವಿಲ್ಲದೆ ಇರುವುದು ನೀವಲ್ಲ, ಅವರು.

ಬೆಟಗೇರಿಯವನು

ಮೂವರಿಗೂ ಕೃತಜ್ಞತೆಗಳು. ಮೂರ್ಛೆರೋಗದ ಆ ಪ್ರಸಂಗವನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ, ಏಕೆಂದರೆ ಆ ಹುಡುಗ ನಾನೂ ಆಗಬಹುದಿತ್ತು. ಮುಂದಿನ ತಿಂಗಳು ಊರಿಗೆ ಹೋದಾಗ ಸಭಾಪಾಲಕರನ್ನು ಕಂಡು ಕಮಿಟಿಗೆ ಪತ್ರ ಕೊಡುತ್ತೇನೆ, ಬಲ್ಮಠಕ್ಕೂ ಒಮ್ಮೆ ಹೋಗಿ ನೋಡಿಬರುತ್ತೇನೆ. ಸದ್ಯಕ್ಕೆ ಕೆಲಸ ಬಿಡುವುದಿಲ್ಲ. ನಾನಿರುವ ಬಡಾವಣೆಯ ವೃದ್ಧಾಶ್ರಮದವರನ್ನು ನಿನ್ನೆ ಕೇಳಿದಾಗ, ಅವರಿಗೆ ಬೇಕಾದದ್ದು ಪ್ರಾರ್ಥನಾಕೂಟ ನಡೆಸುವವನಲ್ಲ, ಎರಡು ವರ್ಷದಿಂದ ಬರೆಯದೆ ಬಿದ್ದಿರುವ ಔಷಧಿ ಖರ್ಚಿನ ಪುಸ್ತಕವನ್ನು ಸರಿಪಡಿಸುವವನು ಎಂದು ತಿಳಿಯಿತು. ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿದ್ದಾರೆ.