ಕಸೂತಿಯೂ ಆಗಬೇಕು, ಉಳ್ಳಾಗಡ್ಡಿಯೂ ಒಣಗಬೇಕು: ದಿನ ಹೆಂಗ ಹೊಂದಿಸೂದು?

ವಿಜಯಪುರದಿಂದ ಪ್ರಶ್ನೆ:
ಮನ್ಯಾಗ ಕಸೂತಿ ಸೀರಿ ಆರ್ಡರ್ ತಗೋತೀನಿ. ಈಗ ಐದು ಟ್ರೇದ ಡಿಹೈಡ್ರೇಟರ್ (ಬಿಸಿಗಾಳಿಲೇ ಒಣಗಿಸೂ ಮಷಿನ್) ತಂದು ಉಳ್ಳಾಗಡ್ಡಿ, ದ್ರಾಕ್ಷಿ, ನುಗ್ಗಿ ತಪ್ಪಲ ಒಣಗಿಸಿ ನೋಡ್ಲಿಕ್ಕತ್ತೀನಿ. ಎರಡೂ ಕೆಲಸ ಒಂದಕ್ಕೊಂದು ಅಡ್ಡ ಬರ್ತಾವು. 70 ಡಿಗ್ರಿಗೆ ಇಟ್ಟ ಉಳ್ಳಾಗಡ್ಡಿಗೆ ಡಬ್ಬ್ಯಾಗ ಬೂಷ್ಟು ಬಂತು. ತಿಳಿದವರು ಹೇಳ್ರಿ.

ಬಾಗಲಕೋಟೆಯಿಂದ:
ಅಕ್ಕಾರ, ಬೂಷ್ಟಿಗೆ ಕಾರಣ ಆ 70 ಡಿಗ್ರಿನ. ಶುರುವಿಗೇ ಅಷ್ಟು ಕಾವು ಕೊಟ್ಟರ ಹೊರಮೈ ತೊಗಲಿನಂಗ ಬಿಗಿದು ಒಳಗಿನ ನೀರಿಗೆ ದಾರಿ ಇರೂದಿಲ್ಲ. 55ಕ್ಕ ಇಡ್ರಿ. ಹೋಳು 3ರಿಂದ 4 ಮಿಲಿಮೀಟರ್, ಎಲ್ಲಾ ಒಂದ ದಪ್ಪ, ಒಂದರ ಮ್ಯಾಲೊಂದು ಬೀಳಬಾರದು. 8ರಿಂದ 12 ತಾಸು ಹಿಡೀತೈತಿ. ಬಿಸಿ ಇದ್ದಾಗ ಪರೀಕ್ಷೆ ಮಾಡಬ್ಯಾಡ್ರಿ, ಒಣಗಿದ್ದೂ ಮೆತ್ತಗ ಅನಸ್ತೈತಿ. ಪೂರ್ತಿ ಆರಿದ ಮ್ಯಾಲೆ ಚಟ್ಟನೆ ಮುರೀಬೇಕು, ಬಾಗಿದರ ಇನ್ನೊಂದು ತಾಸು. ಆರೂದಕ್ಕಿಂತ ಮೊದಲು ಡಬ್ಬಿ ಮುಚ್ಚಿದರೂ ಒಳಗ ಬೆವರಿ ಬೂಷ್ಟು ಬರತೈತಿ. ಮೊದಲ ವಾರ ಗಾಜಿನ ಬಾಟ್ಲ್ಯಾಗ ಇಟ್ಟು ದಿನಾ ಅಲುಗಾಡಿಸ್ರಿ. ಗಾಜಿಗೆ ಹನಿ ಕಂಡರ ಅವತ್ತ ಮತ್ತ ಟ್ರೇಕ್ಕ ಹಾಕ್ರಿ.

ಬೆಳಗಾವಿಯಿಂದ:
ಹೊತ್ತಿನ ವಿಷಯ ಹೇಳ್ತೀನಿ. ಮಷಿನ್‌ಗೆ ನಿಮ್ಮ ಕೈ ಬೇಕಾಗೂದು ಹೆಚ್ಚಿ ಹರವೂ ಮೊದಲ ತಾಸು, ಆಮ್ಯಾಲೆ ಟ್ರೇ ಅದಲು ಬದಲು ಮಾಡೂ ಐದೈದು ನಿಮಿಷ ಅಷ್ಟ. ಫ್ಯಾನ್ ಕೆಳಗಿದ್ದರ ಕೆಳಗಿನ ಟ್ರೇ ಮೊದಲು ಒಣಗ್ತದ, ಹಂಗಾಗಿ ಎರಡು ತಾಸಿಗೊಮ್ಮೆ ಮ್ಯಾಲಿನದು ಕೆಳಗ, ಕೆಳಗಿನದು ಮ್ಯಾಲೆ. ಮುಂಜಾನೆ 7ಕ್ಕ ಹಚ್ಚಿದರ 10ರಿಂದ 1ರ ಛಲೋ ಬೆಳಕು ಕಸೂತಿಗೆ ಸಿಗ್ತದ.

ಆದರ ಗಡಿಯಾರ ನೋಡಿ ಸೂಜಿ ಬಿಡಬ್ಯಾಡ್ರಿ. ಗವಂತಿ (ಎರಡೂ ಮಗ್ಗಲು ಒಂದ ನಮೂನಿ ಕಾಣೂ ಗೆರಿ ಹೊಲಿಗಿ) ಹಾಕೂವಾಗ ಹೋದ ದಾರೀಲೇ ತಿರುಗಿ ಬಂದು, ಬಿಟ್ಟ ಸಂದು ತುಂಬಬೇಕು. ಅರ್ಧಕ್ಕ ಎದ್ದರ ಎಳಿ ಎಣಿಕಿ ತಪ್ಪಿ, ತಿರುಗಿ ಬರೂ ಸಾಲು ಒಂದೆಳಿ ಸರೀತದ. ಹಿಂದ ಗಂಟು ಹಾಕಿ ಮುಚ್ಚೂ ಹಂಗಿಲ್ಲ, ಬಿಚ್ಚೂದ ಗತಿ. ಸಾಲು ಮುಗಿಸಿ ಏಳ್ರಿ. ಟ್ರೇ ಕಾಲು ತಾಸು ತಡ ತಾಳ್ತದ, ಎಣಿಕಿ ತಾಳೂದಿಲ್ಲ. ಮುರ್ಗಿ ಅನ್ನೂ ಅಂಕುಡೊಂಕು ಹೊಲಿಗಿಗೂ ಇದ ಮಾತು.

ಉಳ್ಳಾಗಡ್ಡಿ ವಾಸನಿ ರೇಷ್ಮಿಗೂ ನೂಲಿಗೂ ಹತ್ತಿದರ ಲಗು ಬಿಡೂದಿಲ್ಲ. ಉಳ್ಳಾಗಡ್ಡಿ ಹಚ್ಚಿದ ದಿನ ಮಾತ್ರ ಗಿರಾಕಿ ಸೀರಿ ಟ್ರಂಕಿನಿಂದ ತಗೀಬ್ಯಾಡ್ರಿ, ನಕ್ಷಿ ಬರಿಯೂದು, ದಾರ ಆರಿಸೂದು ಇಟ್ಕೋರಿ. ಮಷಿನ್ ಹಿತ್ತಲ ಬಾಗಿಲ ಕಡೆ ಇರಲಿ.

ತಿಕೋಟಾದಿಂದ:
ದ್ರಾಕ್ಷಿ ಈ ಮಷಿನ್‌ಗೆ ಕಡೀಗೆ ಇಟ್ಕೋರಿ. ಸಿಪ್ಪಿ ಮ್ಯಾಲಿನ ಮೇಣ ನೀರು ಬಿಟ್ಟುಕೊಡೂದಿಲ್ಲ, ಹಂಗ ಇಟ್ಟರ ಎರಡು ದಿನಾನೂ ಸಾಲೂದಿಲ್ಲ. ಇಲ್ಲಿ ಶೆಡ್‌ನ್ಯಾಗ ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿ, ಆಮ್ಯಾಲೆ 15 ಮಿಲಿ ಡಿಪ್ಪಿಂಗ್ ಆಯಿಲ್ (ಆ ಮೇಣ ಸಡಿಲ ಮಾಡೂ ಎಣ್ಣಿ) ಕೂಡಿಸಿ, 2ರಿಂದ 4 ನಿಮಿಷ ಅದ್ದತಾರ. ಆಮ್ಯಾಲೆ ನೆಳ್ಳಾಗ ಸುಮಾರು 15 ದಿನ. ಮನಿ ಮಟ್ಟಿಗೆ ಕುದಿಯೂ ನೀರಾಗ 30 ಸೆಕೆಂಡ್ ಅದ್ದಿ ತಣ್ಣೀರಿಗೆ ಹಾಕಿದರ ಸಿಪ್ಪಿ ಸಣ್ಣಗ ಸೀಳತೈತಿ, ಅಷ್ಟ ಸಾಕು. 4 ಕೆಜಿಗೆ ಒಂದು ಕೆಜಿ ಒಣದ್ರಾಕ್ಷಿ. ಸಿಹಿ ಕಡಿಮಿ ಇರೂ ಹಣ್ಣು ತಂದರ ಅಷ್ಟೂ ಬರೂದಿಲ್ಲ. ಬ್ಯಾಸಿಗ್ಯಾಗ ನಮ್ಮ ಕಡೆ ಒಣಗಾಳಿನ ಕರೆಂಟಿಲ್ಲದ ಮಷಿನ್, ಮಾಳಿಗಿ ಮ್ಯಾಲೆ ನೆಳ್ಳು ಮಾಡಿ ಜಾಳಗಿ ಮ್ಯಾಲೆ ಹರವ್ರಿ. ಮಷಿನ್ ಮಳಿಗಾಲಕ್ಕ ಇಟ್ಕೋರಿ.

ಜಮಖಂಡಿಯಿಂದ:
ನುಗ್ಗಿ ತಪ್ಪಲ ಆರ್ಡರ್ ಗಡಿಬಿಡಿ ಇದ್ದ ದಿನಕ್ಕ ಛಲೋ. ತೊಳದು ನೀರು ಪೂರಾ ಆರಿಸಿ, 45 ಡಿಗ್ರಿ, 4ರಿಂದ 6 ತಾಸು. ಒಣಗಿದಂಗ ಹಗರಾಗಿ ಫ್ಯಾನ್ ಗಾಳಿಗೆ ಹಾರತಾವು, ಮ್ಯಾಲೊಂದು ಬಲೆ ಹಾಕ್ರಿ, ಇಲ್ಲಾಂದ್ರ ಎಲಿ ಫ್ಯಾನಿನಾಗ ಸಿಗತಾವು. ಉಳ್ಳಾಗಡ್ಡಿ ಜೊತಿಗೆ ಮಾತ್ರ ಒಂದ ಸಲಕ್ಕ ಹಾಕಬ್ಯಾಡ್ರಿ, ತಪ್ಪಲಕ್ಕ ಆ ವಾಸನಿ ಕೂಡತೈತಿ. ಕರೆಂಟಿಗೆ ಅಂಜಬ್ಯಾಡ್ರಿ, 500 ವ್ಯಾಟಿನ ಮಷಿನ್ 10 ತಾಸು ಹಚ್ಚಿದರೂ 5 ಯೂನಿಟ್ ದಾಟೂದಿಲ್ಲ.