ಪೋಲ್ಡರ್, ಡೈಕ್, ನೀರೆತ್ತುವ ಗಾಳಿಯಂತ್ರ: ಡಚ್ ಹಳ್ಳಿಗಾಡಿಗೆ ನಮ್ಮ ಕೆರೆಯ ಮಾತು ಹೊಂದೀತೆ?

ಬಳಗದ ಎಲ್ಲರಿಗೂ ನಮಸ್ಕಾರ.

ನೆದರ್‌ಲ್ಯಾಂಡ್ಸಿನ ಹಳ್ಳಿಗಾಡನ್ನು ಕುರಿತು ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಟ್ಯುಲಿಪ್, ಚೀಸ್, ಸೈಕಲ್ಲುಗಳ ವಿಚಾರದಲ್ಲಿ ತೊಡಕಿಲ್ಲ, ಹೆಸರು ಹಾಗೇ ಇಟ್ಟರೆ ಸಾಕು. ತೊಡಕು ನೆಲ ಮತ್ತು ನೀರಿನ ಮಾತು ಬಂದಾಗ. ಅಲ್ಲಿನ ನೋಟವೆಲ್ಲ ನೀರನ್ನು ಹೊರಗಿಡುವ ಕೆಲಸದಿಂದಲೇ ಹುಟ್ಟಿದ್ದು. ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಆ ಕೆಲಸದ ಒಂದೊಂದು ಅಂಗಕ್ಕೂ ಡಚ್ಚರ ಬಳಿ ಬೇರೆ ಬೇರೆ ಪದವಿದೆ. ನಾವು ಮಾತ್ರ ಬಹುಕಾಲದಿಂದ ಅಣೆಕಟ್ಟು, ಕಾಲುವೆ, ಗಾಳಿಗಿರಣಿ ಎಂಬ ಮೂರರಲ್ಲೇ ಎಲ್ಲವನ್ನೂ ಮುಗಿಸುತ್ತಿದ್ದೇವೆ. ಮೂರೂ ತಪ್ಪು ಚಿತ್ರ ಕೊಡುತ್ತವೆ ಎಂಬುದು ನನ್ನ ಅನಿಸಿಕೆ. ಕೆರೆ ಕಟ್ಟಿ ಬಾಳಿದ ನಾಡಿನ ಮಾತಿನಲ್ಲಿ ಇವಕ್ಕಿಂತ ಒಳ್ಳೆಯ ಪದಗಳಿವೆ. ಅವನ್ನು ಇಲ್ಲಿ ಮುಂದಿಡುತ್ತೇನೆ, ಸರಿಯೋ ತಪ್ಪೋ ತಿದ್ದಿ ಹೇಳಿ.

ಮೊದಲು ಡೈಕ್. ನಮ್ಮ ಪತ್ರಿಕೆಗಳು ಇದನ್ನು ಅಣೆಕಟ್ಟು ಎಂದೇ ಬರೆಯುತ್ತವೆ. ಆದರೆ ಅಣೆ ಎಂದರೆ ಹೊಳೆಗೆ ಅಡ್ಡ ಕಟ್ಟಿದ್ದು. ಡೈಕ್ ನೀರಿನ ಪಕ್ಕದಲ್ಲಿ, ಅದರ ಉದ್ದಕ್ಕೂ ಸಾಗುವ ಮಣ್ಣಿನ ದಿಬ್ಬ. ಡಚ್ಚರೇ ಇವೆರಡನ್ನೂ ಬೇರೆ ಇಟ್ಟಿದ್ದಾರೆ: ಆಮ್ಸ್ಟೆಲ್ ಹೊಳೆಗೆ ಅಡ್ಡ ಹಾಕಿದ ಡ್ಯಾಮಿನಿಂದ ಆಮ್‌ಸ್ಟರ್‌ಡ್ಯಾಮ್, ರೋಟೆ ಹೊಳೆಯ ಡ್ಯಾಮಿನಿಂದ ರೋಟರ್‌ಡ್ಯಾಮ್. ಅಲ್ಲಿ ಅಣೆ ಎನ್ನುವುದು ಸರಿ. ಡೈಕಿಗೆ ನನಗೆ ಹೊಳೆಯುವ ಪದ 'ಏರಿ', ಕೆರೆ ಏರಿಯ ಏರಿ. ಆಕಾರ ಅದೇ: ಅಗಲವಾದ ಬುಡ, ಎರಡು ಕಡೆ ಇಳಿಜಾರು, ನೆತ್ತಿಯ ಮೇಲೆ ದಾರಿ. ಅಲ್ಲಿ ಏರಿಯ ಮೈಮೇಲೆ ಹುಲ್ಲು ಬೆಳೆಸಿ ಕುರಿ ಮೇಯಿಸುತ್ತಾರೆ, ಹುಲ್ಲಿನ ಬೇರು ಜೇಡಿಮಣ್ಣನ್ನು ಬಿಗಿ ಹಿಡಿಯಲಿ ಎಂದು. ಕೆಲವೆಡೆ ಊರಿಗೆ ಊರೇ ಏರಿಯ ಮೇಲೆ ಸಾಲಾಗಿ ಕೂತಿರುತ್ತದೆ.

ಏರಿ ಎಂದೊಡನೆ ಅದರ ಕ್ರಿಯಾಪದಗಳೂ ಜೊತೆಗೆ ಬಂದುಬಿಡುತ್ತವೆ. ಏರಿ ಕಟ್ಟು, ಏರಿ ಕಾಯಿ, ಏರಿ ಬಿರುಕು ಬಿಟ್ಟಿತು, ಏರಿ ಒಡೆಯಿತು. 1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ಉಕ್ಕಿದ ಸಮುದ್ರ ನೈಋತ್ಯದ ಜೀಲೆಂಡ್ ಮತ್ತು ಸುತ್ತಲ ಸೀಮೆಯಲ್ಲಿ ಏರಿಗಳನ್ನು ಒಡೆಯಿತು, 1,836 ಜನ ಸತ್ತರು. 'ಅಣೆಕಟ್ಟುಗಳು ಕುಸಿದವು' ಎಂದು ಬರೆದರೆ ಓದುವ ಹುಡುಗನ ಕಣ್ಣಿಗೆ ತುಂಗಭದ್ರಾ ಜಲಾಶಯದಂಥದ್ದು ಬರುತ್ತದೆ. 'ಏರಿ ಒಡೆದು ನೀರು ನುಗ್ಗಿತು' ಎಂದರೆ ಯಾವ ಹಳ್ಳಿಯ ಮಗುವಿಗೂ ಆ ರಾತ್ರಿ ಅರ್ಥವಾಗುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಬಿಡಿಸಿ ಹೇಳಲೇಬೇಕು. ನಮ್ಮ ಏರಿ ನೀರನ್ನು ಒಳಗೆ ಹಿಡಿಯುತ್ತದೆ. ಅವರದು ನೀರನ್ನು ಹೊರಗೆ ತಡೆಯುತ್ತದೆ, ಒಳಗಿರುವುದು ಮನೆ, ಹೊಲ, ಹಸು. ಮೊದಲ ಸಲ ಬಂದಾಗ 'ತಡೆಯೇರಿ' ಎಂದು ಬರೆದು ವಿವರಿಸಿ, ಆಮೇಲೆ ಏರಿ ಎಂದಷ್ಟೇ ಮುಂದುವರಿಸೋಣವೇ? 1932ರಲ್ಲಿ ಮುಗಿದ, 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಸ್ವಲ್ಪ ಕಷ್ಟ ಕೊಡುತ್ತದೆ. ಅದರ ಎರಡು ಕಡೆಯೂ ನೀರೇ: ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಮುದ್ರವಾಗಿದ್ದು ಈಗ ಸಿಹಿನೀರಿನ ಸರೋವರವಾಗಿರುವುದು. ಅದಕ್ಕೆ 'ಅಡ್ಡೇರಿ' ಎಂದಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪಿಲ್ಲ.

ಏರಿಗಳ ವಿಷಯದಲ್ಲೇ ನನಗೆ ಬಹಳ ಇಷ್ಟವಾದ ಮೂರು ಡಚ್ ಪದಗಳಿವೆ: ವಾಕರ್, ಸ್ಲಾಪರ್, ಡ್ರೋಮರ್. ನೀರಿಗೆ ನೇರ ಎದೆಯೊಡ್ಡಿ ನಿಂತದ್ದು ಎಚ್ಚರವಿರುವ ಏರಿ. ಅದು ಒಡೆದರೆ ತಡೆಯಲಿ ಎಂದು ಹಿಂದೆ ಇರುವುದು ಮಲಗಿರುವ ಏರಿ. ಅದಕ್ಕೂ ಹಿಂದಿನದು ಕನಸು ಕಾಣುವ ಏರಿ. ಇದು ಕವಿಗಳು ಕಟ್ಟಿದ್ದಲ್ಲ, ಏರಿ ಕಾಯುವವರ ದಿನದ ಮಾತು. 'ಎಚ್ಚರೇರಿ, ನಿದ್ದೇರಿ, ಕನಸೇರಿ' ಎಂದರೆ ನಾಲಿಗೆಗೆ ಹಗುರ. ಆದರೆ 'ಕನಸೇರಿ' ಎಂದರೆ ಕನಸನ್ನು ಏರಿ ಎಂಬ ಅರ್ಥವೂ ಬರುತ್ತದಲ್ಲ, ಅದಕ್ಕೇನು ಮಾಡುವುದು?

ಇನ್ನು ಗಾಳಿಯಂತ್ರ. ಡಚ್ ಹಳ್ಳಿಯ ಗುರುತೆಂದು ಜಗತ್ತೇ ಕಾಣುವುದು ಇದನ್ನು. ರೋಟರ್‌ಡ್ಯಾಮಿನ ಹತ್ತಿರ ಕಿಂಡರ್‌ಡೈಕಿನಲ್ಲಿ ಕಾಲುವೆಯ ದಡದ ಮೇಲೆ ಹತ್ತೊಂಬತ್ತು ನಿಂತಿವೆ, ಹೆಚ್ಚಿನವು 1738–1740ರ ಸುಮಾರಿನವು. ಕೆಲವು ಇಟ್ಟಿಗೆಯ ದುಂಡು ಗೋಪುರಗಳು, ಕೆಲವು ಹುಲ್ಲು ಹೊದಿಸಿದ ಎಂಟು ಮೂಲೆಯವು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಇವತ್ತಿಗೂ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಇವನ್ನು ಗಾಳಿಗಿರಣಿ ಎಂದರೆ ಓದುಗರು ಹಿಟ್ಟು ಬೀಸುವ ಗಿರಣಿ ಅಂದುಕೊಳ್ಳುತ್ತಾರೆ. ಹಿಟ್ಟು ಬೀಸುವವು, ಮರ ಕೊಯ್ಯುವವು, ಎಣ್ಣೆ ತೆಗೆಯುವವು ಆ ದೇಶದಲ್ಲಿ ಬೇರೆ ಇವೆ. ಕಿಂಡರ್‌ಡೈಕಿನವು ನೀರನ್ನು ಮೇಲೆತ್ತಲೆಂದೇ ಕಟ್ಟಿದವು. ಬರೀ ಗಾಳಿಯಂತ್ರ ಎಂದರೋ, ಈಗ ಚಿತ್ರದುರ್ಗ, ಗದಗ ಕಡೆ ಗುಡ್ಡದ ಮೇಲೆ ಕರೆಂಟು ತೆಗೆಯುವ ಮೂರು ರೆಕ್ಕೆಯ ಕಂಬಗಳೇ ನೆನಪಾಗುತ್ತವೆ.

ನನ್ನ ಸೂಚನೆ 'ಗಾಳಿಯೇತ'. ಏತ ಎಂದರೆ ಬಾವಿಯ ಮೇಲಿನ ತಲೆಬಾಗುವ ಮರವಲ್ಲವೇ ಎಂದು ಕೇಳಬಹುದು. ವಚನಗಳ ಕಾಲದ ಏತ ಅದೇ, ನಿಜ. ಆದರೆ ಮುಳವಾಡ, ಸಿಂಗಟಾಲೂರು ಏತ ನೀರಾವರಿ ಎಂದು ದೊಡ್ಡ ಮೋಟಾರು ಪಂಪುಗಳಿಗೂ ಆ ಪದವನ್ನು ಆಗಲೇ ಹಿಗ್ಗಿಸಿದ್ದೇವೆ. ಯಾವ ಬಲದಿಂದಾದರೂ ಸರಿ, ನೀರೆತ್ತುವುದೆಲ್ಲ ಏತ. ಗಾಳಿಯಿಂದ ಎತ್ತಿದರೆ ಗಾಳಿಯೇತ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಹಲಗೆಚಕ್ರದ ಒಂದು ಗಾಳಿಯಂತ್ರ ನೀರನ್ನು ಒಂದೂವರೆ ಮೀಟರಿನಷ್ಟು ಮಾತ್ರ ಎತ್ತಬಲ್ಲದು. ಅದಕ್ಕೇ 1612ರಲ್ಲಿ ಒಣಗಿಸಿದ ಬೇಮ್‌ಸ್ಟರ್ ಸರೋವರದಂಥ ಆಳದ ಕಡೆ ಮೂರು ನಾಲ್ಕು ಯಂತ್ರಗಳನ್ನು ಮೆಟ್ಟಿಲ ಹಾಗೆ ನಿಲ್ಲಿಸಿದರು, ಕೆಳಗಿನದು ಎತ್ತಿದ್ದನ್ನು ಮೇಲಿನದು ಮತ್ತೆ ಎತ್ತುವಂತೆ. ಅವರು ಮೋಲೆನ್‌ಖಾಂಗ್ ಎನ್ನುವ ಇದಕ್ಕೆ 'ಏತದ ಸಾಲು' ಎಂದರೆ ತಾನಾಗಿ ಹೊಂದಿಕೊಳ್ಳುತ್ತದೆ. ಗಿರಣಿಯ ಸಾಲು ಎಂದರೆ ಏನೂ ತಿಳಿಯದು.

ಏತದ ರೆಕ್ಕೆಗಳಿಗೂ ಒಂದು ಭಾಷೆಯಿದೆ. ಕೆಲಸವಿಲ್ಲದೆ ನಿಂತಾಗ ಮೇಲಿನ ರೆಕ್ಕೆ ನೆತ್ತಿಯನ್ನು ಇನ್ನೇನು ಮುಟ್ಟಬೇಕು ಎನ್ನುವಂತಿದ್ದರೆ ಮನೆಯಲ್ಲಿ ಸಂತೋಷ: ಮದುವೆಯೋ, ಮಗು ಹುಟ್ಟಿದ್ದೋ. ನೆತ್ತಿ ದಾಟಿ ತುಸು ಇಳಿದಿದ್ದರೆ ಸಾವು. 2014ರಲ್ಲಿ ಉಕ್ರೇನಿನ ಮೇಲೆ ಮಲೇಷ್ಯಾ ವಿಮಾನ ಉರುಳಿ ಸುಮಾರು ಇನ್ನೂರು ಡಚ್ಚರು ಸತ್ತಾಗ ದೇಶದ ಎಷ್ಟೋ ಗಾಳಿಯಂತ್ರಗಳನ್ನು ಹೀಗೆ ನಿಲ್ಲಿಸಿದ್ದರು. 'ಸೂತಕದ ನಿಲುವು' ಎಂದು ಬರೆದು, ಮಡಿ ಮೈಲಿಗೆಯ ಛಾಯೆ ಬೇಡವೆಂದು ಹೊಡೆದುಹಾಕಿದೆ. ಸದ್ಯಕ್ಕೆ 'ದುಃಖದ ನಿಲುವು', 'ಹಬ್ಬದ ನಿಲುವು'.

ಸುತ್ತ ಏರಿ ಕಟ್ಟಿ ನೀರಿನಿಂದ ಕಾಪಾಡಿಕೊಂಡ ತಗ್ಗು ನೆಲವೇ ಪೋಲ್ಡರ್. ಈ ಪದವನ್ನು ಹಾಗೇ ಇಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಆದರೂ ಉತ್ತರ ಕನ್ನಡದವರು ಕೂಡಲೇ ಕೇಳುತ್ತಾರೆ, ನಮ್ಮ 'ಗಜನಿ' ಇದೆಯಲ್ಲ ಎಂದು. ಕುಮಟೆಯ ಹತ್ತಿರ ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರನ್ನು ಒಡ್ಡು ಹಾಕಿ ತಡೆದು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗದ್ದೆಗಳು ಗಜನಿ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟುಕೊಂಡು ಮೀನು, ಸಿಗಡಿ. ಮೊದಮೊದಲ ಡಚ್ ಪೋಲ್ಡರುಗಳಿಗೆ ಇದು ನಿಜಕ್ಕೂ ಹತ್ತಿರ. ಅಲ್ಲೂ ಇಳಿತ ಬಂದಾಗ ಬಾಗಿಲು ತೆರೆದು ಒಳಗಿನ ನೀರನ್ನು ಹೊರಗೆ ಬಿಡುತ್ತಿದ್ದರು, ಭರತಕ್ಕೆ ಮುಚ್ಚುತ್ತಿದ್ದರು. ಆದರೆ ಅವರ ನೆಲ ಪೀಟ್ ಎಂಬ ಕೊಳೆತ ಸಸ್ಯದ ಕಪ್ಪು ಮಣ್ಣು. ನೀರು ಬಸಿದಷ್ಟೂ ಅದು ಕುಗ್ಗುತ್ತದೆ, ಗಾಳಿ ತಾಗಿದಷ್ಟೂ ಕರಗುತ್ತದೆ. ನೂರಾರು ವರ್ಷಗಳಲ್ಲಿ ನೆಲ ಹೊರಗಿನ ನೀರಿಗಿಂತ ಕೆಳಗಿಳಿಯಿತು, ಇಳಿತವನ್ನೇ ನಂಬಿ ಕೂರುವುದು ಆಗದ ಮಾತಾಯಿತು. 15ನೇ ಶತಮಾನದಿಂದ ಗಾಳಿಯೇತಗಳು ಬಂದದ್ದು ಇದಕ್ಕೇ. ಗಜನಿ ಸಮುದ್ರವನ್ನು ವರ್ಷಕ್ಕೊಮ್ಮೆ ಒಳಗೆ ಕರೆಯುತ್ತದೆ. ಪೋಲ್ಡರ್ ಅದನ್ನು ಎಂದೂ ಒಳಗೆ ಬಿಡುವಂತಿಲ್ಲ, ಎತ್ತುವ ಕೆಲಸ ಒಂದು ಚಳಿಗಾಲ ನಿಂತರೂ ಮುಳುಗುತ್ತದೆ. ಹೀಗಾಗಿ ಗಜನಿಯನ್ನು ಹೋಲಿಕೆಗೆ ತಂದು, ಹೆಸರಿಗೆ ಪೋಲ್ಡರ್ ಉಳಿಸಿಕೊಂಡಿದ್ದೇನೆ. ಒಂದೇ ಮಾತು: ಪೂರ್ತಿ ಸರೋವರವನ್ನೇ ಬರಿದು ಮಾಡಿ ಪಡೆದ ನೆಲಕ್ಕೆ ಅವರಲ್ಲಿ ಡ್ರೋಖ್‌ಮಾಕೆರೈ ಎಂಬ ಬೇರೆ ಪದವಿದೆ. ಬೇಮ್‌ಸ್ಟರ್ ಅಂಥದ್ದು, 1852ರಲ್ಲಿ ಉಗಿಯಂತ್ರಗಳು ಬರಿದು ಮಾಡಿದ ಹಾರ್ಲೆಮರ್‌ಮೇರ್ ಕೂಡ. ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಹಳೆಯ ಸರೋವರದ ತಳದಲ್ಲಿ. 'ಬತ್ತಿಸಿದ ಕೆರೆ' ಎಂದರೆ ಸಾಕೇ?

ಕಾಲುವೆಯ ವಿಷಯ ಬೇಗ ಮುಗಿಯುತ್ತದೆ. ಡಚ್ ಹುಲ್ಲುಗಾವಲನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುವ ಸ್ಲೋಟ್ ನೀರು ತರುವುದಕ್ಕಿಂತ ಮುಖ್ಯವಾಗಿ ನೀರು ಬಸಿಯುವುದಕ್ಕೆ ಇರುವುದು. ನಮ್ಮ ರೈತರ 'ಬಸಿಗಾಲುವೆ' ಅದಕ್ಕೆ ಸರಿಸಮ. ಅಲ್ಲಿ ಮೇಯುವ ಕಪ್ಪು ಬಿಳುಪಿನ ಹಸುವಿಗೂ ಹೊಸ ಹೆಸರು ಬೇಡ. ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಅದರ ತಳಿಯ ಹೆಸರಲ್ಲಿರುವ ಫ್ರೀಸಿಯನ್ ಬಂದದ್ದು ಅಲ್ಲಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಿಂದ, ನಮ್ಮ ಡೇರಿಗೆ ಹಾಲು ಹಾಕುವವರಿಗೆಲ್ಲ ಅದು ಎಚ್.ಎಫ್.

ಕ್ಲೋಂಪೆನ್ ಎಂಬ ಮರದ ಮೆಟ್ಟಿಗೆ ಕೆಲವರು 'ಹಾವುಗೆ' ಎಂದದ್ದನ್ನು ನೋಡಿದ್ದೇನೆ. ಹಾವುಗೆ ತೆರೆದ ಹಲಗೆ, ಬೆರಳಿಗೆ ಒಂದು ಗುಬ್ಬಿ, ಅದನ್ನು ನೆನೆದರೆ ಸನ್ಯಾಸಿಗಳೇ ಕಾಣುತ್ತಾರೆ. ಇದು ವಿಲ್ಲೊ ಅಥವಾ ಪಾಪ್ಲರ್ ಮರದ ತುಂಡನ್ನು ಕೊರೆದು ಪಾದ ಪೂರ್ತಿ ಮುಚ್ಚುವಂತೆ ಮಾಡಿದ್ದು, ಜವುಗು ನೆಲದಲ್ಲಿ ದುಡಿಯುವವನ ಕಾಲು ಒಣಗಿರಲೆಂದು. 'ಮರದ ಜೋಡು' ಎಂದಿಟ್ಟಿದ್ದೇನೆ.

ನೀರಿನ ಆಡಳಿತಕ್ಕೆ ಪದ ಹುಡುಕುವಾಗ ಹೆಚ್ಚು ತಡಕಾಡಿದೆ. ಆಯಾ ಸೀಮೆಯ ಏರಿ, ನೀರು ನೋಡಿಕೊಳ್ಳುವ ಸಂಸ್ಥೆಗಳಾಗಿ 13ನೇ ಶತಮಾನದಿಂದ ಬೆಳೆದುಬಂದ ವಾಟರ್‌ಸ್ಖಾಪ್‌ಗಳು ಇವತ್ತು 21 ಇವೆ. ಅವುಗಳಿಗೆ ಬೇರೆ ಚುನಾವಣೆ, ಬೇರೆ ತೆರಿಗೆ. ಮುಖ್ಯಸ್ಥನ ಪದವಿಯ ಹೆಸರು ಡೈಕ್‌ಖ್ರಾಫ್, ಏರಿಯ ಒಡೆಯ ಎಂದಂತೆ. ಇದನ್ನು ಜಲಮಂಡಳಿ ಎಂದರೆ ಬೆಂಗಳೂರಿನವರಿಗೆ ನಲ್ಲಿ ನೀರಿನ ಬಿಲ್ಲು ನೆನಪಾಗುತ್ತದೆ. 'ಕೆರೆ ಬಳಕೆದಾರರ ಸಂಘ'ದ ಮಾದರಿಯಲ್ಲಿ ಸಂಘ ಎಂದರೆ ತೆರಿಗೆ ಹಾಕುವ ಅಧಿಕಾರ ಕಾಣದು. 'ಏರಿಸೀಮೆ' ಎನ್ನಬಹುದೇ? ಅವರ ಹಳೆಯ ಗಾದೆಯೊಂದು ಮಾತ್ರ ಕನ್ನಡಕ್ಕೆ ಸಲೀಸಾಗಿ ಬಂತು: ಏರಿ ಕಟ್ಟದವ ಊರು ಬಿಡಬೇಕು. ತನ್ನ ಪಾಲಿನ ಏರಿಯನ್ನು ನೋಡಿಕೊಳ್ಳಲಾರದವನು ಜಮೀನು ಬಿಟ್ಟುಕೊಡಬೇಕಿತ್ತು ಎಂಬ ಕಟ್ಟಳೆಯ ನೆನಪು ಅದರಲ್ಲಿದೆ.

ಕೊನೆಗೆ, ನನಗೆ ಪದವೇ ಸಿಗದೆ ನಿಂತಿರುವ ಎರಡು ಕಡೆ. ದೊಡ್ಡ ನದಿಗಳ ಏರಿ ನೀರಿನಂಚಿಗೇ ಇರುವುದಿಲ್ಲ, ಹಿಂದೆ ಸರಿದಿರುತ್ತದೆ. ನಡುವೆ ಉಳಿದ ಹುಲ್ಲುನೆಲ ಚಳಿಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ದನ ಮೇಯುತ್ತವೆ. ಕೃಷ್ಣೆ, ಮಲಪ್ರಭೆಯ ದಂಡೆಯವರು ಹೊಳೆ ಬಂದಾಗ ಮುಳುಗಿ ಮತ್ತೆ ತೇಲುವ ಇಂಥ ನೆಲಕ್ಕೆ ಏನನ್ನುತ್ತೀರಿ? ಎರಡನೆಯದು, ಬಸಿಗಾಲುವೆಯ ಅಂಚಿನ ವಿಲ್ಲೊ ಮರಗಳು. ಅವುಗಳ ತಲೆಯನ್ನು ಕೆಲವು ವರ್ಷಕ್ಕೊಮ್ಮೆ ಪೂರ್ತಿ ಸವರುತ್ತಾರೆ, ಗಂಟುಗಟ್ಟಿದ ನೆತ್ತಿಯಿಂದ ನೀಳ ಕೊಂಬೆಗಳು ಮತ್ತೆ ಚಿಮ್ಮುತ್ತವೆ. ಆ ಕೊಂಬೆಗಳು ಬುಟ್ಟಿಗೆ, ಹತ್ಯಾರಗಳ ಕಾವಿಗೆ, ಏರಿಯ ಬುಡಕ್ಕೆ ನೀರಿನಡಿ ಹಾಸುವ ಚಾಪೆಗೆ. ಸೊಪ್ಪಿನ ಬೆಟ್ಟದಲ್ಲಿ ಮರ ಸವರುವ ಮಲೆನಾಡಿನವರ ಬಾಯಲ್ಲಿ ಹೀಗೆ ಸವರಿ ಸವರಿ ಗಂಟುದಲೆಯಾದ ಮರಕ್ಕೆ ಒಂದು ಹೆಸರು ಇದ್ದೀತು. ತಿಳಿದವರು ಊರಿನ ಹೆಸರಿನೊಂದಿಗೆ ಬರೆದರೆ ಯಾವ ಸೀಮೆಯ ಮಾತೆಂದು ಗುರುತು ಮಾಡಿಕೊಳ್ಳುತ್ತೇನೆ.