14 ವರ್ಷ ಹೇಳಿದೆ, ಒಂದು ಪುಟವೂ ಬಿಚ್ಚಿಲ್ಲ

ಹರಿಹರದ ಫಿಟ್ಟರ್:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಪಕ್ಕದ ಲೇತ್‌ನಲ್ಲಿ ಇದ್ದವರು ನನಗಿಂತ ತುಂಬಾ ಹಿರಿಯರು, ಅಣ್ಣ ಅಂತಲೇ ಕರೆಯುತ್ತೇನೆ. ಹೊಸದಾಗಿ ಸೇರಿದಾಗ ನನಗೆ ಕೆಲಸ ಕಲಿಸಿದ್ದು ಅವರೇ. ಮಾರನೇ ವರ್ಷ ಕ್ರಿಸ್‌ಮಸ್‌ಗೆ ಅವರಿಗೆ ಒಂದು ಸತ್ಯವೇದ (ಬೈಬಲ್) ಕೊಟ್ಟೆ. ಕಪ್ಪು ರಟ್ಟು, ಬಂಗಾರದ ಅಂಚು. ಆಗಿನ ನನ್ನ ಸಂಬಳಕ್ಕೆ ಅದು ಜಾಸ್ತಿನೇ. ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡರು. ಆ ರಾತ್ರಿ ಖುಷಿಗೆ ನನಗೆ ನಿದ್ದೆ ಬರಲಿಲ್ಲ.

ಆಮೇಲೆ 14 ವರ್ಷ. ಬುತ್ತಿ ಬಿಚ್ಚುವಾಗ ಹೇಳಿದೆ, ಸೆಕೆಂಡ್ ಶಿಫ್ಟ್ ಮುಗಿಸಿ ಸೈಕಲ್ ತಳ್ಳಿಕೊಂಡು ಬರುವಾಗ ಹೇಳಿದೆ. ಯೇಸು ನನಗೆ ಯಾರು, ನನ್ನ ಕುಡಿತ ಹೇಗೆ ಬಿಟ್ಟಿತು, ಎಲ್ಲ. ಒಂದು ಸಲವೂ ಅವರು ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು! ಸೋಮವಾರ ಹರಿಹರೇಶ್ವರನ ಗುಡಿ ತಪ್ಪಿಸುವುದಿಲ್ಲ. ಸೆಪ್ಟೆಂಬರ್ 8ಕ್ಕೆ ಕ್ಯಾಥೊಲಿಕರ ಚರ್ಚಿಗೆ, ಆರೋಗ್ಯ ಮಾತೆಯ (ಯೇಸುವಿನ ತಾಯಿ ಮರಿಯಳ) ಹಬ್ಬಕ್ಕೂ ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತಾರೆ. (ನಾನು ಪ್ರಾಟೆಸ್ಟೆಂಟ್, ಆ ಕಡೆ ಹೋಗುವುದೇ ಅಪರೂಪ.) ನನ್ನ ಮಾತನ್ನು ಪೂರ್ತಿ ಕೇಳಿ "ಎಲ್ಲಾ ದೇವರೂ ಒಂದೇ ಬಿಡಪ್ಪಾ, ನಡಿ ಚಹಾ ಕುಡಿಯೋಣ" ಅನ್ನುತ್ತಾರೆ.

ಹೋದ ತಿಂಗಳು ನಿವೃತ್ತರಾಗಿ ದಾವಣಗೆರೆಗೆ, ಮಗನ ಮನೆಗೆ ಹೋದರು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಷೋಕೇಸ್ ಖಾಲಿ ಮಾಡುತ್ತಿದ್ದ ಮಗ "ಅಂಕಲ್, ಇದು ನೀವು ಕೊಟ್ಟಿದ್ದಲ್ವಾ, ನೀವೇ ಇಟ್ಕೊಳ್ಳಿ" ಅಂತ ಆ ಸತ್ಯವೇದ ಕೈಗಿಟ್ಟ. ಮನೆಗೆ ಬಂದು ತೆರೆದೆ. ಹೊಸ ಸತ್ಯವೇದ ಗೊತ್ತಲ್ಲ, ಬಂಗಾರದ ಅಂಚಿಗೆ ಪುಟಗಳು ಒಂದಕ್ಕೊಂದು ಅಂಟಿರುತ್ತವೆ. ಹೆಬ್ಬೆರಳಲ್ಲಿ ಬಿಡಿಸಿದರೆ ಚರ್ರ್ ಅನ್ನುತ್ತವೆ. ಮತ್ತಾಯದಿಂದ ಯೋಹಾನದ ತನಕ ಆ ಸದ್ದು ಬರ್ತಾನೇ ಇತ್ತು. ಯಾರೂ ಓದೇ ಇಲ್ಲ.

ದೇವರ ಮಾತು ವ್ಯರ್ಥವಾಗಿ ತಿರುಗಿ ಬರುವುದಿಲ್ಲ ಅಂತ ಯೆಶಾಯ 55ರಲ್ಲಿ ಇದೆ. ನನಗೆ ಪುಸ್ತಕವೇ ತಿರುಗಿ ಬಂತಲ್ಲ! ನಾನು ತಪ್ಪಿದ್ದೆಲ್ಲಿ? ಇಷ್ಟಾದ ಮೇಲೆ ದೇವರನ್ನು ನಂಬಿ ಸುಮ್ಮನಿರುವುದು ಅಂದರೆ ಏನು?

ಧಾರವಾಡದ ನಿವೃತ್ತ ಸಭಾಪಾಲಕ:

ತಮ್ಮಾ, ಓದಿ ಹೊಟ್ಟೆ ಚುರ್ ಅಂತು. ಅದೇ ಯೆಶಾಯ 55ರಲ್ಲಿ ಆ ಮಾತಿಗೆ ಒಂದು ವಚನ ಮುಂಚೆ ಮಳೆಯ ಮಾತಿದೆ, ಅದನ್ನೂ ಓದು. ಮಳೆ ಭೂಮಿಯನ್ನು ನೆನೆಸುವುದು, ಬೀಜ ಮೊಳೆಯುವುದು, ಆಮೇಲೆ ರೊಟ್ಟಿ. ನಮ್ಮ ಕಡೆ ಹಿಂಗಾರಿ ಜೋಳ ಬಿತ್ತಿದವರು ವಾರಕ್ಕೇ ಮಣ್ಣು ಕೆದರಿ ನೋಡಲ್ಲ.

ಒಂದು ಹಳೇ ಸಂಗತಿ ಹೇಳ್ತೀನಿ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕ್ಯಾರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಮೊದಲ ಬಂಗಾಳಿಗೆ ದೀಕ್ಷಾಸ್ನಾನ ಆದದ್ದು 1800ರ ಡಿಸೆಂಬರ್ 28ಕ್ಕೆ, ಹೂಗ್ಲಿ ನದಿಯಲ್ಲಿ. ಏಳು ವರ್ಷ. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಪ್ರಸಂಗದಲ್ಲಿ ಸಾಕಷ್ಟು ಸಲ ಹೇಳಿದ್ದೇನೆ. ಆದರೆ ನನಗೆ ಕಾಡುವುದು ಜಾನ್ ಥಾಮಸ್ ಎಂಬ ವೈದ್ಯ. ಕ್ಯಾರಿಗಿಂತ ಮುಂಚೆಯೇ ಬಂಗಾಳಕ್ಕೆ ಬಂದು ಸುವಾರ್ತೆ ಸಾರಿದವನು. ಕೃಷ್ಣ ಪಾಲ್ ಎಂಬ ಬಡಗಿಯ ತೋಳಿನ ಕೀಲು ತಪ್ಪಿತ್ತು, ಅದನ್ನು ಕೂರಿಸಿದ್ದು ಇವನೇ. ಅಲ್ಲಿಂದ ಮಾತು ಬೆಳೆದು ಕೃಷ್ಣ ಪಾಲ್ ನಂಬಿದ, ಆ ಮೊದಲ ಬಂಗಾಳಿ ಇವನೇ. ಥಾಮಸ್‌ನ ಸಂತೋಷ ಎಷ್ಟಿತ್ತೆಂದರೆ ಅವನ ಬುದ್ಧಿಯೇ ಕೆಟ್ಟಿತು. ದೀಕ್ಷಾಸ್ನಾನದ ದಿನ ಅವನು ನದಿ ದಡದಲ್ಲಿ ಇರಲಿಲ್ಲ, ಅವನನ್ನು ಕೂಡಿಹಾಕಬೇಕಾಗಿತ್ತು. ಮರುವರ್ಷ ತೀರಿಕೊಂಡ.

ಇದರಿಂದ ನಿನಗೆ ಸಮಾಧಾನ ಆಗುತ್ತೋ ಇಲ್ಲವೋ. ಬಿತ್ತಿದವನು ಕೊಯ್ಲು ನೋಡಲೇಬೇಕು ಅಂತ ದೇವರು ಎಲ್ಲೂ ಬರೆದುಕೊಟ್ಟಿಲ್ಲ. ನಾನು ನೆಟ್ಟೆ, ಅಪೊಲ್ಲೋಸ ನೀರು ಹೊಯ್ದ, ಬೆಳೆಸಿದ್ದು ದೇವರು ಅಂತ ಪೌಲನೇ ಕೊರಿಂಥದವರಿಗೆ ಬರೆಯುತ್ತಾನೆ.

ಸ್ತೋತ್ರ_77:

ಮತ್ತಾಯ 10:14 ಓದಿ ಬ್ರದರ್. ಕೇಳದವರ ಮನೆ ಬಿಟ್ಟು ಕಾಲಿನ ಧೂಳು ಝಾಡಿಸಿ ಹೊರಡಿ. ಟೈಮ್ ವೇಸ್ಟ್ ಮಾಡಬೇಡಿ, ಕೊಯ್ಲು ಬಹಳ ಇದೆ.

ಹರಿಹರದ ಫಿಟ್ಟರ್:

ಯಾವ ಧೂಳು ಝಾಡಿಸಲಿ? ನನ್ನ ಹೆಂಡತಿಗೆ ಆಪರೇಷನ್ ಆದಾಗ ರಕ್ತ ಕೊಟ್ಟವರು ಅವರು. ನನ್ನನ್ನು ಸೇರಿಸಿಕೊಳ್ಳದ ಮನೆ ಅಲ್ಲ ಅದು.

ಅಯ್ಯನವರೇ, ಥಾಮಸ್ ವಿಷಯ ಗೊತ್ತಿರಲಿಲ್ಲ. ಎರಡು ಸಲ ಓದಿದೆ. ಸಮಾಧಾನ ಅಂತೂ ಆಗಲಿಲ್ಲ, ಆದರೆ ಒಬ್ಬನೇ ಅಲ್ಲ ಅನ್ನಿಸಿತು.

ಮಸ್ಕತ್‌ನಲ್ಲಿರುವ ಕುಂದಾಪುರದವಳು:

ನಾನು ನಿಮ್ಮ ಅಣ್ಣನ ಜಾಗದಲ್ಲಿ ಇದ್ದವಳು, ಹಾಗಾಗಿ ಬರೆಯುತ್ತಿದ್ದೇನೆ. ನರ್ಸಿಂಗ್ ಓದುವಾಗ ರೂಮ್‌ಮೇಟ್ ಒಬ್ಬಳು ದಿನಾ ಯೇಸುವಿನ ವಿಷಯ ಹೇಳುತ್ತಿದ್ದಳು. ನಿಜ ಹೇಳುತ್ತೇನೆ, ಅವಳ ಚಪ್ಪಲಿ ಸದ್ದು ಕೇಳಿದರೆ ನಾನು ಮುಸುಕು ಹಾಕಿ ಮಲಗಿದ ಹಾಗೆ ನಟಿಸುತ್ತಿದ್ದೆ. ನಾನು ಏನಾದರೂ ಹೇಳಲು ಬಾಯಿ ತೆರೆದರೆ, ಅದು ಮುಗಿಯುವ ಮುಂಚೆ ಅವಳ ಹತ್ತಿರ ಒಂದು ವಚನ ರೆಡಿ. ನಾನು ನಂಬಿದ್ದು ತುಂಬಾ ವರ್ಷ ಆದ ಮೇಲೆ, ಇಲ್ಲಿಗೆ ಬಂದು. ಅವಳಿಗೆ ಇವತ್ತಿಗೂ ಅದು ಗೊತ್ತಿಲ್ಲ, ನಂಬರ್ ಕಳೆದುಹೋಯಿತು. ಪಾಪ, ಅವಳ ಲೆಕ್ಕದಲ್ಲಿ ನಾನು ಫೇಲ್ ಕೇಸ್.

ಒಂದು ಕೇಳಲಾ? ಸಿಟ್ಟಾಗಬೇಡಿ. ಅಷ್ಟುದ್ದ ಬರೆದಿದ್ದೀರಿ. 14 ವರ್ಷ ನೀವು ಏನೇನು ಹೇಳಿದಿರಿ ಅನ್ನುವುದು ಅದರಲ್ಲಿದೆ. ಅವರು ನಿಮಗೆ ಹೇಳಿದ್ದು ಒಂದೇ ಒಂದು ವಾಕ್ಯ, ಅದೂ ಚಹಾ ಕುಡಿಯುವ ವಿಷಯ. ಉಳಿದದ್ದು ಅವರು ಹೇಳಲಿಲ್ಲವೋ, ನೀವು ಕೇಳಲಿಲ್ಲವೋ?

ಹರಿಹರದ ಫಿಟ್ಟರ್ (ಹನ್ನೊಂದು ದಿನದ ನಂತರ):

ಅಕ್ಕಾ, ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಎರಡು ದಿನ ಇತ್ತು.

ಭಾನುವಾರ ಆರಾಧನೆ ಮುಗಿಸಿ ದಾವಣಗೆರೆಗೆ ಹೋದೆ. ಸತ್ಯವೇದ ಚೀಲದಲ್ಲೇ ಇತ್ತು, ಮತ್ತೆ ಕೊಡೋಣ ಅಂತ. ಅವರು ವರಾಂಡದಲ್ಲಿ ಕೂತು ಹೊಸ ಮಿಕ್ಸಿಯ ಪ್ಲಗ್ ಬಿಚ್ಚಿದ್ದರು. ಸುಮ್ನೆ ಕೂತೆ. ಆಮೇಲೆ ಕೇಳಿದೆ, "ಅಣ್ಣಾ, ನೀವು ಆರೋಗ್ಯ ಮಾತೆಗೆ ಯಾಕೆ ಹೋಗ್ತೀರಿ?"

ಸ್ಕ್ರೂಡ್ರೈವರ್ ಕೆಳಗಿಟ್ಟರು. ಅವರಿಗೆ ಒಬ್ಬಳು ಮಗಳಿದ್ದಳಂತೆ. ಆರು ವರ್ಷದವಳು, ಜ್ವರ ಬಂದು ಇಳಿಯಲೇ ಇಲ್ಲವಂತೆ. ಗುಡಿ, ದರ್ಗಾ, ಆಸ್ಪತ್ರೆ ಎಲ್ಲಾ ಕಡೆ ಎತ್ತಿಕೊಂಡು ಓಡಾಡಿದರಂತೆ. ಕೊನೆಗೆ ಹೋದದ್ದು ಆರೋಗ್ಯ ಮಾತೆಯ ಹತ್ತಿರ. ಮಗು ಅಲ್ಲಿನ ಮೇಣದ ಬತ್ತಿಗಳನ್ನು ನೋಡಿ ನಕ್ಕಳಂತೆ, ವಾರದಿಂದ ನಕ್ಕೇ ಇರಲಿಲ್ಲ. ಎರಡು ದಿನಕ್ಕೆ ಹೋದಳು. "ಅದಕ್ಕೇ ಹಚ್ಚಿ ಬರ್ತೀನಪ್ಪ" ಅಂದರು, "ಬೇಡಿಕೊಳ್ಳೋಕೆ ಏನಿಲ್ಲ."

14 ವರ್ಷ ಪಕ್ಕದಲ್ಲಿ ಕೂತು ಬುತ್ತಿ ಹಂಚಿಕೊಂಡಿದ್ದೇನೆ. ನನಗೆ ಇದು ಗೊತ್ತಿರಲಿಲ್ಲ. ಗುಣ ಮಾಡುವ ಯೇಸುವಿನ ಕಥೆಗಳನ್ನೆಲ್ಲ ಅವರಿಗೆ ಹೇಳಿದ್ದೇನೆ. ಯಾಯಿರನ ಸತ್ತ ಮಗಳು ಎದ್ದು ಕೂತದ್ದನ್ನಂತೂ ಎಷ್ಟು ಸಲ! ಅವರು ಕೇಳಿಸಿಕೊಂಡು ಚಹಾಕ್ಕೆ ಕರೆದಿದ್ದಾರೆ.

ನಾನು ಏನೂ ಹೇಳಲಿಲ್ಲ. ಹೇಳಲು ಬರಲಿಲ್ಲ. ಚೀಲ ಬಿಚ್ಚಲೂ ಇಲ್ಲ. ಅಯ್ಯನವರೇ, ಯೆಶಾಯ 55 ನನಗೆ ಇನ್ನೂ ಪೂರ್ತಿ ಅರ್ಥ ಆಗಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಪ್ರಾರ್ಥನೆ ಮಾಡಲು ಹೋದೆ. "ಕರ್ತನೇ, ಅಣ್ಣನನ್ನು" ಅಂತ ದಿನಾ ಶುರು ಮಾಡುವ ವಾಕ್ಯ ಅರ್ಧಕ್ಕೇ ನಿಂತಿತು. ನಿನಗೆ ಇದೆಲ್ಲ ಮೊದಲೇ ಗೊತ್ತಿತ್ತಲ್ಲ ಅಂದೆ, ಅಷ್ಟೇ.

ಮಗುವಿನ ಹೆಸರು ಕೇಳುವುದನ್ನೇ ಮರೆತೆ. ಬರುವ ಭಾನುವಾರ ಮತ್ತೆ ಬಾ ಅಂದಿದ್ದಾರೆ, ಅಡುಗೆಮನೆ ನಲ್ಲಿ ಸೋರುತ್ತಿದೆಯಂತೆ.